ಗೆರಟೆಯಲ್ಲಿ ಬಿದ್ದ ಉಪ್ಪು

ನಾನು ಪುಸ್ತಕ ಹಿಡಿದು ಕೂತರೆ ಏನಾದರೊಂದು ಆಗದೆ ಇರುವುದಿಲ್ಲ. ಬೇರೆಯವರು ಓದಿದರೆ ಮಾರ್ಕು ಬರುತ್ತದೆ, ನಾನು ಓದಿದರೆ ಊರಿಗೆ ಸುದ್ದಿ ಬರುತ್ತದೆ. ಫಸ್ಟ್ ಪಿಯುಸಿಯ ವಾರ್ಷಿಕ ಪರೀಕ್ಷೆಗೆ ಓದುವಾಗ ಆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ. ಎಲ್ಲ ಹೇಳಿದರೆ ನೀವು ನಂಬುವುದಿಲ್ಲ.

ನೀರಿನ ಪಾಠ

ನಾನು ಕಾಗಾಲದವನು. ಒಂದು ಕಡೆ ಅಘನಾಶಿನಿ ಹೊಳೆ, ಇನ್ನೊಂದು ಕಡೆ ಸಮುದ್ರ. ನಡೆಯಲು ಕಲಿಯುವ ಮೊದಲೇ ಈಜಲು ಕಲಿತವನು ಎಂದು ಎಲ್ಲರಿಗೂ ಹೇಳುತ್ತೇನೆ. ಹೆತ್ತ ಆಯಿ ಮಾತ್ರ ಒಪ್ಪುವುದಿಲ್ಲ. ಹಾಗಾಗಿ ಕೆಮಿಸ್ಟ್ರಿಯಲ್ಲಿ ನೀರಿನ ದ್ರಾವಣಗಳ ಸಮತೋಲನದ ಪಾಠ ಬಂದಾಗ, "ನೀರಿನ ವಿಷಯ ನಂಗೆ ಯಾರೂ ಕಲಿಸೂದು ಬ್ಯಾಡ" ಎಂದು ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆದೆ. ಅರ್ಧವಾರ್ಷಿಕದಲ್ಲಿ ಎಪ್ಪತ್ತಕ್ಕೆ ಹನ್ನೊಂದು ಬಂತು.

ಭಟ್ಕಳದಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಕೆಮಿಸ್ಟ್ರಿ ಸರ್, ನನ್ನ ಉತ್ತರಪತ್ರಿಕೆಯನ್ನು ಒದ್ದೆ ಬಟ್ಟೆಯ ಹಾಗೆ ಮೂಲೆ ಹಿಡಿದು ಎತ್ತಿದರು. "ದೊಡ್ಡ ಈಜುಗಾರ ಅಂದಿದ್ಯಲ್ಲ, ಇದೆಂತ ಮಾರಾಯಾ, ತಳ ಮುಟ್ಟಿದ್ದೀಯ. ವಾರ್ಷಿಕದಲ್ಲೂ ಹೀಗೇ ಆದರೆ ಮತ್ತೆ ಇದೇ ಕ್ಲಾಸು."

ಅದಕ್ಕೆಲ್ಲ ಹೆದರುವವನಲ್ಲ ನಾನು. ಹೆದರಿದ್ದು ಮನೆಗೆ ಬಂದ ಮೇಲೆ. ತಂಗಿ ಆ ವರ್ಷ ಎಸ್ಸೆಸ್ಸೆಲ್ಸಿ. ಅವಳು ಪಾಸಾಗುವುದರಲ್ಲಿ ಯಾರಿಗೂ ಸಂಶಯವಿಲ್ಲ. ಸೇರುವುದೂ ಕುಮಟೆಯ ನಮ್ಮ ಕಾಲೇಜಿಗೇ. ಪತ್ರಿಕೆ ನೋಡಿದವಳೇ, "ಅಣ್ಣಾ, ಜೂನಿಗೆ ನನ್ನ ಪಕ್ಕದಲ್ಲಿ ನಿಂಗೊಂದು ಜಾಗ ಹಿಡಿದಿಡ್ಲಾ?" ಎಂದಳು.

"ಏ, ಹುಡುಗರ ಸಾಲು ಬೇರೆ ಇರ್ತದೆ!" ಎಂದು ಗದರಿದೆ.

ಗದರಿದ ಮೇಲೆ ಹೊಳೆಯಿತು: ಫೇಲಾಗುವುದನ್ನು ನಾನು ಆಗಲೇ ಒಪ್ಪಿಕೊಂಡಿದ್ದೆ.

ತುಂಬಿದ ಬಸ್ಸು

"ಉಪ್ಪು ಕರಗುವಷ್ಟೂ ಕರಗಿ, ಉಳಿದದ್ದು ತಳದಲ್ಲಿ ಕೂತಾಗ ಎಲ್ಲ ನಿಂತ ಹಾಗೆ ಕಾಣ್ತದೆ. ಆದರೆ ಯಾವುದೂ ನಿಂತಿರುವುದಿಲ್ಲ. ಎಷ್ಟು ಕರಗ್ತದೋ ಅಷ್ಟೇ ತಿರುಗಿ ಗಟ್ಟಿಯಾಗ್ತಾ ಇರ್ತದೆ," ಎಂದರು ಸರ್, ವಾರ್ಷಿಕಕ್ಕೆ ಅದೇ ಪಾಠ ಮತ್ತೆ ಮಾಡುವಾಗ. ನಾನು ಎಲ್ಲರಿಗಿಂತ ಮೊದಲು "ಅರ್ಥ ಆಯ್ತು ಸರ್" ಎಂದೆ. ಆಗಿರಲಿಲ್ಲ.

ಆದದ್ದು ಸಂಜೆಯ ಬಸ್ಸಿನಲ್ಲಿ. ಕಾಲಿಡಲು ಜಾಗವಿಲ್ಲ. ಒಂದು ಕಡೆ ಮೂವರು ಇಳಿದರು, ಮೂವರು ಹತ್ತಿದರು. ಮುಂದೆ ಮೀನಿನ ಬುಟ್ಟಿಯವಳು ಇಳಿದಳು, ಸೌತೆಕಾಯಿ ಚೀಲದವನು ಹತ್ತಿದ. ಬಸ್ಸು ಮಾತ್ರ ತುಂಬಿದ್ದು ತುಂಬಿದ ಹಾಗೇ! ಒಳಗಿನ ಜನವೆಲ್ಲ ಬದಲಾಗುತ್ತಿದ್ದಾರೆ, ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿಲ್ಲ. ನನ್ನ ಮೈ ಜುಂ ಎಂದಿತು. ಒಂದು ಲೋಟ ಉಪ್ಪುನೀರಿನೊಳಗೆ ಯಾರ ಕಣ್ಣಿಗೂ ಬೀಳದೆ ಇಷ್ಟೆಲ್ಲ ಓಡಾಟವೇ?

"ನಿಂತ ಹಾಗೆ ಕಾಣ್ತದೆ, ಆದ್ರೆ ನಿಂತಿಲ್ಲ!" ಎಂದು ಕಂಡಕ್ಟರನ ಭುಜ ಹಿಡಿದು ಕೂಗಿದೆ.

"ನಿಂತಿಲ್ಲ, ಹೌದು," ಎಂದ ಅವನು. "ನಿನ್ನ ಸ್ಟಾಪ್ ದಾಟಿ ಎರಡು ಮೈಲಿ ಆತು. ಇಳಿ."

ಮಾವನ ಶರಬತ್ತು

ಆಮ್ಲ ಯಾವುದು, ಕ್ಷಾರ ಯಾವುದು ಎಂದು ಬಣ್ಣದಿಂದಲೇ ತಿಳಿಯಬಹುದು, ಹುಳಿ ಮುರುಗಲು ಹಣ್ಣಿನ ಕೆಂಪು ರಸವೂ ಸಾಕು ಎಂದಿದ್ದರು ಸರ್. ಒಂದು ಭಾನುವಾರ ಆಯಿ ಪಾತ್ರೆಯಲ್ಲಿ ಮುರುಗಲು ಶರಬತ್ತು ಮಾಡಿಟ್ಟಿದ್ದಳು. ಒಂದು ಚಮಚ ಅಡುಗೆ ಸೋಡಾ ಹಾಕಿದೆ. ಭುಸ್ಸೆಂದು ನೊರೆ ಎದ್ದಿತು. ಇನ್ನೊಂದು ಹಾಕಿದೆ. ಕೆಂಪು ಹೋಗಿ ನೇರಳೆ. ಹಾಕುತ್ತಾ ಹೋದ ಹಾಗೆ ನೇರಳೆಯೂ ಹೋಗಿ, ಹಾವಸೆ ಹಿಡಿದ ಬಾವಿಯ ಬಣ್ಣ. ಹುಟ್ಟಿದಾಗಿನಿಂದ ಕುಡಿದ ಶರಬತ್ತು, ಹೊಟ್ಟೆಯೊಳಗೆ ಇಷ್ಟು ಬಣ್ಣ ಅಡಗಿಸಿಕೊಂಡಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ತಂಗಿಗೆ ತೋರಿಸಬೇಕೆಂದು ಹಿತ್ತಿಲಿಗೆ ಓಡಿದೆ.

ಅಷ್ಟರಲ್ಲಿ ಹೊನ್ನಾವರದ ಮಾವ ಬಿಸಿಲಲ್ಲಿ ಬಂದಿದ್ದಾನೆ. ಕತ್ತಲೆಯ ಅಡುಗೆಮನೆ, ಸ್ಟೀಲಿನ ಲೋಟ. ಆಯಿ ಬಣ್ಣ ನೋಡದೆ ತುಂಬಿ ಕೊಟ್ಟಿದ್ದಾಳೆ. ನಾನು ಬರುವಾಗ ಮಾವ ಲೋಟ ಕೆಳಗಿಟ್ಟಿದ್ದ. ಮೀಸೆಯ ಮೇಲೆ ಹಸಿರು ಗೆರೆ.

"ತಂಗೀ, ಈ ವರ್ಷದ ಮುರುಗಲು ಎಂತಕೆ ಇಷ್ಟು ಸಪ್ಪೆ?" ಎಂದು ಆಯಿಯನ್ನು ಕೇಳಿದವನು ತಡೆದು, ಜಗಲಿ ನಡುಗುವ ಹಾಗೆ ಒಂದು ತೇಗು ತೇಗಿದ. ಮುಖ ಅರಳಿತು. "ಎಂಟು ದಿನದಿಂದ ಹೊಟ್ಟೆ ಉಬ್ಬರ ಇತ್ತು ಮಾರಾಯ್ತಿ. ಇನ್ನೊಂದು ಲೋಟ ಹಾಕು."

ಮಾವ ಈಗಲೂ ಬಂದರೆ ಕೆಂಪು ಶರಬತ್ತು ಮುಟ್ಟುವುದಿಲ್ಲ.

ಆಗರದ ಅಜ್ಜಿ

ಪರೀಕ್ಷೆಗೆ ಹದಿನೈದು ದಿನ ಇರುವಾಗ, ಮಾವಿನ ಮಿಡಿ ಹಾಕಲು ಹರಳುಪ್ಪು ಬೇಕೆಂದು ಆಯಿ ನನ್ನನ್ನು ದೋಣಿಯಲ್ಲಿ ಹೊಳೆಯಾಚೆಗೆ ಕಳಿಸಿದಳು. ಅಲ್ಲಿ ಉಪ್ಪಿನ ಆಗರ. ಮಣ್ಣಿನ ಕಟ್ಟೆ ಕಟ್ಟಿದ ಸಾಲು ಸಾಲು ಮಡಿಗಳು, ಅವುಗಳಲ್ಲಿ ಬಿಸಿಲಿಗೆ ಬತ್ತುತ್ತಿರುವ ಸಮುದ್ರದ ನೀರು. ಮರದ ಹಲಗೆಯಿಂದ ಉಪ್ಪು ಎಳೆಯುತ್ತಿದ್ದ ಒಬ್ಬ ಅಜ್ಜಿ ನನ್ನ ಕಂಕುಳಿನ ಪುಸ್ತಕ ನೋಡಿ, "ಎಂತದಾ ತಮಾ ಅದು?" ಎಂದಳು.

"ನೀರಲ್ಲಿ ಉಪ್ಪು ಹೇಂಗೆ ಕರಗ್ತದೆ, ಯಾವಾಗ ಬೀಳ್ತದೆ ಅಂತ. ದೊಡ್ಡ ಪಾಠ ಅಜ್ಜಿ, ನಿಂಗೆ ತಿಳಿಯೂದಿಲ್ಲ."

ಅಜ್ಜಿ ಹಲಗೆ ನಿಲ್ಲಿಸಿದಳು. "ಹೌದಾ? ಹಂಗಾರೆ ಹೇಳು, ಈ ಮಡಿಯಲ್ಲಿ ಯಾವಾಗ ಬೀಳ್ತದೆ?"

ನಾನು ಪುಟ ತಿರುವಿದೆ. "ಅಯಾನುಗಳ ಗುಣಲಬ್ಧ ಒಂದು ಮಿತಿ ದಾಟಿದಾಗ."

"ಅದು ಊಟಕ್ಕೆ ಮೊದ್ಲಾ, ಆಮೇಲಾ?"

ಪುಸ್ತಕದಲ್ಲಿ ಅದು ಇರಲಿಲ್ಲ. ಅಜ್ಜಿ ಬಗ್ಗಿ, ನೀರಿನ ಮೇಲೆ ಓರೆಗಣ್ಣು ಹಾಯಿಸಿ, "ಕೆನೆ ಕಟ್ತಾ ಅದೆ. ನೀ ಬಂದ ದೋಣಿ ಆಚೆ ಹೋಗಿ ಬರೂದ್ರೊಳಗೆ ಬೀಳ್ತದೆ" ಎಂದಳು.

ಅಜ್ಜಿ ಸೋಲುವುದನ್ನು ನೋಡಿಯೇ ಹೋಗೋಣ ಎಂದು ಕಟ್ಟೆಯ ಮೇಲೆ ಕೂತೆ. ದೋಣಿ ಇನ್ನೂ ನಡುಹೊಳೆಯಲ್ಲಿತ್ತು. ನೀರಿನ ಮೇಲೆ ಸಾಸಿವೆಯಷ್ಟು ಚೌಕ ಹರಳು ಒಂದು ತೇಲಿತು. ಪಕ್ಕದಲ್ಲಿ ಇನ್ನೊಂದು. ನೋಡುತ್ತಿದ್ದ ಹಾಗೆ ಮಡಿಯ ತುಂಬ ಹರಳು. ಭಾರವಾದ ಹಾಗೆ ಒಂದೊಂದೇ ಸದ್ದಿಲ್ಲದೆ ಕೆಳಗಿಳಿಯುತ್ತಿದ್ದವು. ಯಾರೂ ಅಳೆಯಲಿಲ್ಲ, ಕತ್ತರಿಸಲಿಲ್ಲ, ಎಲ್ಲವೂ ಚೌಕ! ನಾನು ಬಾಯಿ ಮುಚ್ಚಿ ಕೂತ ಅಪರೂಪದ ಹೊತ್ತುಗಳಲ್ಲಿ ಅದೊಂದು.

"ಇನ್ನೊಂದು ನೋಡು," ಎಂದಳು ಅಜ್ಜಿ. ಉಪ್ಪು ಎಳೆದ ಮೇಲೆ ತಳದಲ್ಲಿ ಉಳಿಯುವ ಹಳದಿ ನೀರಿಗೆ ಆಗರದವರು ಕಹಿನೀರು ಎನ್ನುತ್ತಾರೆ; ಅದನ್ನು ಹೊರಗೆ ಬಿಟ್ಟೇ ಹೊಸ ನೀರು ಕಟ್ಟಬೇಕು. ಅಜ್ಜಿ ಒಂದು ತೆಂಗಿನ ಗೆರಟೆಯಲ್ಲಿ ಮಡಿಯ ತಿಳಿನೀರು ತುಂಬಿ, ಮೇಲಿಂದ ಕಹಿನೀರು ಹೊಯ್ದಳು. ಕಪ್ಪು ಗೆರಟೆಯೊಳಗೆ ಬೆಳ್ಳಗೆ, ಅಕ್ಕಿಹಿಟ್ಟು ಉದುರಿಸಿದ ಹಾಗೆ ಉಪ್ಪು ಬಿದ್ದಿತು. ನೀರಿಗೆ ನೀರು ಹಾಕಿದರೆ ಉಪ್ಪು! "ಕಹಿನೀರು ಸೇರಿದ್ರೆ ಲಗೂ ಬೀಳ್ತದೆ. ಆದ್ರೆ ಹಿಟ್ಟು, ಹರಳಲ್ಲ. ನಾಲಗೆಗೂ ಕಹಿ."

ಎರಡರಲ್ಲೂ ಕ್ಲೋರೈಡ್! ಒಂದೇ ಅಯಾನು ಎರಡೂ ಕಡೆಯಿಂದ ಬಂದಾಗ ಕರಗಿದ್ದು ಕೆಳಗೆ ಬೀಳುತ್ತದೆ. ಸರ್ ಮೂರು ದಿನ ಬೋರ್ಡಿನ ಮೇಲೆ ಬರೆದದ್ದನ್ನು ಅಜ್ಜಿ ಒಂದು ಗೆರಟೆಯಲ್ಲಿ ಮುಗಿಸಿದ್ದಳು.

ಅಲ್ಲಿಗೆ ಕೈಮುಗಿದು ಬರಬೇಕಿತ್ತು. ಆದರೆ ಅಜ್ಜಿ, "ಆ ನೀರು ಬಾಯಿಗೆ ಹಾಕಬ್ಯಾಡ ತಮಾ" ಎಂದದ್ದೇ ತಪ್ಪಾಯಿತು. "ಉಪ್ಪುನೀರಲ್ಲೇ ಹುಟ್ಟಿದವ ನಾನು" ಎಂದು ಒಂದು ಬೊಗಸೆ ಕಹಿನೀರು ಕುಡಿದೇಬಿಟ್ಟೆ.

"ಪಾಸಾದ್ರೆ ಜಿಲೇಬಿ ತಗಂಡು ಬಾ," ಎಂದಳು ಅಜ್ಜಿ ನನ್ನ ಮುಖವನ್ನೇ ನೋಡುತ್ತ. "ಈಗ ಲಗೂ ದೋಣಿ ಹತ್ತು."

ಪುಸ್ತಕದಲ್ಲಿ ಸಮತೋಲನಕ್ಕೆ ಎರಡು ಬಾಣ ಹಾಕಿರುತ್ತಾರೆ, ಒಂದು ಆ ಕಡೆಗೆ, ಒಂದು ಈ ಕಡೆಗೆ. ಆ ದಿನ ನನ್ನ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಬಾಣ, ಅದೂ ಕೆಳಗಿನ ಕಡೆಗೆ.

ಆರನೆಯ ಪ್ರಶ್ನೆ

ಪರೀಕ್ಷೆಯ ಆರನೆಯ ಪ್ರಶ್ನೆ: ಸಾಮಾನ್ಯ ಅಯಾನು ಪರಿಣಾಮವನ್ನು ಉದಾಹರಣೆಯೊಂದಿಗೆ ವಿವರಿಸಿ. ನಾನು ನಕ್ಕುಬಿಟ್ಟೆ. ಎರಡು ಸಾಲು ಇಂಗ್ಲಿಷಿನಲ್ಲಿ ಬರೆದೆ. ಉತ್ತರದಲ್ಲಿ ಅಜ್ಜಿ ಬರುವ ಹೊತ್ತಿಗೆ ನನ್ನ ಇಂಗ್ಲಿಷು ಮುಗಿಯಿತು, ಮುಂದೆಲ್ಲ ಕನ್ನಡ. ಗೆರಟೆಯ ಚಿತ್ರ ಬರೆದೆ, ಬಾಣ ಹಾಕಿ "ಅಜ್ಜಿಯ ಕೈ" ಎಂದು ಗುರುತು ಮಾಡಿದೆ. ಕೊನೆಗೆ, "ವಿ.ಸೂ.: ಕಹಿನೀರನ್ನು ಯಾರೂ ಕುಡಿಯಬಾರದು" ಎಂದೂ ಸೇರಿಸಿದೆ.

ಪಾಸಾದೆ! ಕಾಗಾಲದಲ್ಲಿ ಆ ಸುದ್ದಿ ಗೊತ್ತಿಲ್ಲದ ಮನೆಯೇ ಇರಲಿಲ್ಲ. ಆದರೆ ಹೊಳೆ ದಾಟಿ ಅಜ್ಜಿಗೆ ಜಿಲೇಬಿ ಕೊಡಲು ಮಾತ್ರ ಹೋಗಲಿಲ್ಲ. ಆ ಬೊಗಸೆ ನೀರಿನ ಕತೆ ಎತ್ತುತ್ತಾಳೆ ಎಂದು ನಾಚಿಕೆ.

ಮರುವರ್ಷ ನಾನು ಸೆಕೆಂಡ್ ಪಿಯುಸಿ, ತಂಗಿ ಫಸ್ಟ್. ವಾರ್ಷಿಕಕ್ಕೆ ಆ ಪಾಠ ಮತ್ತೆ ಮಾಡುವಾಗ ಸರ್ ಅವಳ ಕ್ಲಾಸಿನಲ್ಲಿ ನನ್ನ ಉತ್ತರದ ಕತೆ ಹೇಳಿ, ಇಡೀ ಕ್ಲಾಸನ್ನು ಆಗರಕ್ಕೆ ಹೊರಡಿಸಿದರು. ದಾರಿ ತೋರಿಸಲು ನನಗೂ ಕರೆ ಬಂತು. ನಾನು ಎದೆ ಸೆಟೆಸಿ ಮುಂದೆ. ಹಿಂದೆ ಕಟ್ಟೆಯ ಮೇಲೆ ಸಾಲಾಗಿ ಫಸ್ಟ್ ಪಿಯುಸಿಯ ಮಕ್ಕಳು. "ಇಲ್ಲಿ ನಂಗೆ ಎಲ್ಲರೂ ಗೊತ್ತು" ಎಂದು ಅವರಿಗೆ ಹೇಳುತ್ತಲೇ ಇದ್ದೆ.

ಅಜ್ಜಿ ಹಲಗೆ ಊರಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಗುರುತು ಸಿಕ್ಕಿತು. ಹಿಂದಿನ ಸಾಲು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿ ಜಿಲೇಬಿ ಇರಲಿಲ್ಲ.

"ಅಯ್ಯೋ ತಮಾ," ಆಗರದ ಆಚೆ ತುದಿಗೂ ಕೇಳುವ ಹಾಗೆ ಕೂಗಿದಳು, "ನಾ ಅಷ್ಟು ಹೇಳ್ಕೊಟ್ರೂ ಫೇಲಾದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಸಾಲಿನಿಂದ ತಂಗಿ ಮುಂದೆ ಬಂದಳು.

"ಎಂತ ಮಾಡೂದು ಅಜ್ಜಿ," ಎಂದಳು. "ನನ್ನ ಪಕ್ಕದಲ್ಲೇ ಜಾಗ ಹಿಡಿದು ಕೊಟ್ಟಿದ್ದೇನೆ."