ಗಗನಕ್ಕೆ ಹೋದ ಗೌರಿಯ ಪಂಚನಾಮೆ

ರಸ್ತೆಯಲ್ಲಿ ನನ್ನನ್ನು ಕಂಡು ಯಾರಾದರೂ ದಾರಿ ಬದಲಿಸಿದರೆ ನನಗೆ ಬೇಸರವಾಗುವುದಿಲ್ಲ. ವಿಮಾ ಏಜೆಂಟನಾಗಿ ಇಪ್ಪತ್ತಾರು ವರ್ಷ ಕಳೆದವನ ಬಳಿ ಬೇಸರವೆಂಬ ಸಾಮಾನು ಉಳಿದಿರುವುದಿಲ್ಲ. ಗೋಕಾಕದ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ನಾನು ಕಾಲಿಟ್ಟರೆ ಅರ್ಧ ಕಪ್ಪು ಕುಡಿದವರೂ ಎದ್ದು ಹೋಗುತ್ತಾರೆ. ಅವರದೂ ತಪ್ಪಿಲ್ಲ. ನಾನು ಮಾತು ಶುರು ಮಾಡುವುದೇ "ದೇವರು ಹಂಗ ಮಾಡದಿರಲಿ, ನಾಳೆ ನಿಮಗ ಏನಾರ ಆತು ಅಂದ್ರ..." ಎಂದು. ಚಹಾ ಕುಡಿಯುವ ಹೊತ್ತಿನಲ್ಲಿ ಯಾರಿಗೆ ಬೇಕು ಈ ಮಾತು? ಮಾತು ಮುಗಿಸುವುದು ಮಾತ್ರ ಬಲು ಚೆಂದ: "ಚಿಂತಿ ಮಾಡಬ್ಯಾಡ್ರಿ, ನಾ ಅದೇನಿ!" ಈ ಮೂರು ಮಾತು ಹೇಳಿಯೇ ನಾನು ಮನೆ ಕಟ್ಟಿಸಿದ್ದೇನೆ. ಇದೇ ಮೂರು ಮಾತು ಹೇಳಿ ಹೋದ ವರ್ಷ ಸಿಕ್ಕಿಬಿದ್ದೆ.

ಹುಕ್ಕೇರಿಯಿಂದ ಮೂಡಲಗಿಯವರೆಗೆ ಸ್ಕೂಟರಿನ ಮೇಲೆ ತಿರುಗುವ ನನ್ನ ಕಸುಬಿನಲ್ಲಿ ಮನುಷ್ಯರಿಗಿಂತ ಎಮ್ಮೆಗಳ ಪರಿಚಯವೇ ಹೆಚ್ಚು. ಎಮ್ಮೆಗೆ ವಿಮೆ ಮಾಡಿಸಿದರೆ ಅದರ ಕಿವಿಗೊಂದು ಹಳದಿ ಬಿಲ್ಲೆ ಹೊಡೆಯುತ್ತಾರೆ. ನಾಳೆ ಎಮ್ಮೆ ಸತ್ತರೆ ಪಂಚರ ಸಹಿಯುಳ್ಳ ಪಂಚನಾಮೆ ಬೇಕು, ದನದ ಡಾಕ್ಟರ ಸರ್ಟಿಫಿಕೇಟು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಆ ಬಿಲ್ಲೆ ಬೇಕು. ಬಿಲ್ಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ. ಮೂಡಲಗಿ ಹತ್ತಿರದ ಒಂದು ಜೈನರ ಮನೆಯ ಎಮ್ಮೆ ಗೌರಿ ಸತ್ತಾಗ ಹಾಗೇ ಆಯಿತು. ಬಿಲ್ಲೆ ಎಲ್ಲೋ ಬೇಲಿಗೆ ಸಿಕ್ಕಿ ಕಿತ್ತುಹೋಗಿತ್ತು. ಮನೆಯ ಯಜಮಾನರು ಕೈಮುಗಿದರು. ನಾನೂ ಕೈಮುಗಿದೆ. "ಬಿಲ್ಲಿ ಇಲ್ಲ ಅಂದ್ರ ಏನೂ ಮಾಡಾಕ ಬರೂದಿಲ್ರಿ" ಎಂದೆ. ಕೊಟ್ಟಿಗೆಯ ಕಂಬ ಹಿಡಿದುಕೊಂಡು ಅವರ ಮಗಳು ಪದ್ಮಾವತಿ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನೆನಪಾದರೆ ಈಗಲೂ ನನಗೆ ಸ್ಕೂಟರಿನ ಹಾರ್ನು ಬಾರಿಸಬೇಕೆನಿಸುತ್ತದೆ, ಸುಮ್ಮನೆ, ಬೇರೆ ಸದ್ದು ಕೇಳಲಿ ಎಂದು.

ನನ್ನ ಹೆಂಡತಿ ಸುಮಿತ್ರಾ ಮೂಡಲಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳೂ ನಾನೂ ಒಂದೇ ಮನೆಯಲ್ಲಿದ್ದರೂ ನಮ್ಮ ಕಸುಬುಗಳಿಗೆ ಮಾತುಕತೆ ಇರಲಿಲ್ಲ. ಏನೇನು ಸಾಧ್ಯ ಎಂದು ಅವಳು ಹೇಳಿಕೊಡುತ್ತಾಳೆ. ಏನೇನು ಕೆಡಬಹುದು ಎಂದು ನಾನು ಹೇಳಿ ಹೊಟ್ಟೆ ಹೊರೆಯುತ್ತೇನೆ. ಹೀಗಿರುವಾಗ ಯಾವುದೋ ಖಾಸಗಿ ಕಂಪನಿಯವರು ತಮ್ಮ ಹೊಸ ರಾಕೆಟ್ಟಿನಲ್ಲಿ ಪುಟ್ಟದೊಂದು ಉಪಗ್ರಹ ಹಾರಿಸುತ್ತೇವೆ, ಶಾಲೆಯ ಮಕ್ಕಳು ಮಾಡಿದ ಚಿಕ್ಕ ಚಿಕ್ಕ ಸರ್ಕೀಟು ಬೋರ್ಡುಗಳನ್ನು ಅದರೊಳಗೆ ಕೂರಿಸುತ್ತೇವೆ ಎಂದು ಅರ್ಜಿ ಕರೆದರು. ಸುಮಿತ್ರಾ ಅರ್ಜಿ ಹಾಕಿದಳು. ಆರಿಸಿಯೂ ಬಿಟ್ಟರು.

ಅಲ್ಲಿಂದ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಎಂಟು ಹುಡುಗಿಯರನ್ನು ಕಟ್ಟಿಕೊಂಡು ರವಿವಾರವೂ ಶಾಲೆಗೆ ಹೋಗುತ್ತಿದ್ದಳು. ಆ ಎಂಟರಲ್ಲಿ ಪದ್ಮಾವತಿಯೂ ಒಬ್ಬಳು. ಬೋರ್ಡು ಕರದಂಟಿನ ಒಂದು ತುಂಡಿನಷ್ಟು. ಮೇಲೆ ಎಷ್ಟು ಬಿಸಿ, ಎಷ್ಟು ತಂಪು ಎಂದು ಅಳೆದು ಕೆಳಗೆ ಸುದ್ದಿ ಕಳಿಸುವುದು ಅದರ ಕೆಲಸ. ಅದಕ್ಕೆ ಗೌರಿ ಎಂದು ಹೆಸರಿಟ್ಟವಳು ಪದ್ಮಾವತಿ. ಯಾಕೆಂದು ಉಳಿದವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಾಗಾಗಿ ಹೆಸರಿನ ವಿಷಯದಲ್ಲಿ ನಾನು ಬಾಯಿ ಬಿಡಲಿಲ್ಲ.

ಬೋರ್ಡು ಕಳಿಸುವ ದಿನ ಶಾಲೆಯಲ್ಲಿ ಸಣ್ಣ ಕಾರ್ಯಕ್ರಮ. ಟೀಚರ್ ಯಜಮಾನರೆಂದು ನನ್ನನ್ನೂ ಸ್ಟೇಜಿನ ಮೇಲೆ ಕೂರಿಸಿದರು. ಮೈಕು ಕೈಗೆ ಬಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ರಾಕೆಟ್ ಏರತೈತಿ ಅಂದ್ರ ಬೀಳಲೂಬಹುದು. ದೇವರು ಹಂಗ ಮಾಡದಿರಲಿ. ಆದ್ರ ಬಿತ್ತು ಅಂತ ತಿಳೀರಿ, ಚಿಂತಿ ಮಾಡಬ್ಯಾಡ್ರಿ, ನಾ ಅದೇನಿ!" ಎಂದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಆ ಹುರುಪಿನಲ್ಲಿ ಬ್ಯಾಗಿನಿಂದ ಎಮ್ಮೆ ವಿಮೆಯ ಹಳೆಯ ಫಾರಮೊಂದನ್ನೂ ಮಿಕ್ಕಿದ್ದ ಹಳದಿ ಬಿಲ್ಲೆಯೊಂದನ್ನೂ ತೆಗೆದು, ತಮಾಷೆಗೆ ಪದ್ಮಾವತಿಯ ಕೈಗೆ ಕೊಟ್ಟೆ.

ಅವಳು ತಮಾಷೆ ಮಾಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಫಾರಮು ತುಂಬಿದಳು. ತಳಿ: ಮೂಡಲಗಿ. ಬಣ್ಣ: ಹಸಿರು. ಕೊಂಬು: ಎರಡು, ತಂತಿಯವು. ವಯಸ್ಸು: ನಾಲ್ಕು ತಿಂಗಳು. ಹಾಲು: ಕೊಡುವುದಿಲ್ಲ, ಸುದ್ದಿ ಕೊಡುತ್ತದೆ. ಅಂದಾಜು ಕಿಮ್ಮತ್ತು: ಹೇಳಲು ಬರುವುದಿಲ್ಲ. ಎಂಟೂ ಹುಡುಗಿಯರು ಸಹಿ ಮಾಡಿದರು. ಏಜೆಂಟನ ಜಾಗದಲ್ಲಿ ನಾನೂ ಗೀಚಿದೆ. ಆಮೇಲೆ ಹುಡುಗಿಯರು ಪ್ರಸಾದವೆಂದು ಕರದಂಟು ಹಂಚಿದರು. ನಾನು ಎರಡು ತಿಂದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮರುದಿನ ಕುತೂಹಲಕ್ಕೆ ನಮ್ಮ ದೊಡ್ಡ ಆಫೀಸಿನ ಸಾಹೇಬರೊಬ್ಬರಿಗೆ ಫೋನ್ ಮಾಡಿ, ರಾಕೆಟ್ಟಿಗೆ ವಿಮೆ ಹೇಗೆ ಮಾಡುತ್ತಾರ್ರೀ ಎಂದು ಕೇಳಿದೆ. ಅವರು ಹೊಟ್ಟೆ ತುಂಬ ನಕ್ಕು, ಆಮೇಲೆ ಪಾಪ, ತಿಳಿಸಿಯೂ ಹೇಳಿದರು. ಉಪಗ್ರಹ ಉಡಾವಣೆಯ ಜಾಗ ಮುಟ್ಟಿ ಬೆಂಕಿ ಹೊತ್ತುವವರೆಗೆ ಒಂದು ವಿಮೆಯಂತೆ, ರಾಕೆಟ್ಟಿಗೆ ಬೆಂಕಿ ಹೊತ್ತಿದ ಕ್ಷಣದಿಂದ ಇನ್ನೊಂದಂತೆ. ನಮ್ಮಲ್ಲಿ ಕಬ್ಬಿಗೆ ಬೆಂಕಿ ಹತ್ತಿದರೆ ಏಜೆಂಟನ ಎದೆ ಒಡೆಯುತ್ತದೆ. ಅವರಲ್ಲಿ ಬೆಂಕಿ ಹತ್ತಿದ ಮೇಲೇ ಪಾಲಿಸಿ ಶುರು! ಒಂದು ರಾಕೆಟ್ ಬಿದ್ದರೆ ಬಾಜೂದವನ ರಾಕೆಟ್ಟಿನ ಕಂತೂ ಏರುತ್ತದಂತೆ. ಚೂರು ಕಳಚಿ ಯಾರದೋ ಮನೆಯ ಮೇಲೆ ಬಿದ್ದರೆ ಎಂದು ಅದಕ್ಕೂ ಬೇರೆ ವಿಮೆ. ದೊಡ್ಡ ದೊಡ್ಡ ಉಪಗ್ರಹದವರು ಇದೆಲ್ಲ ಮಾಡಿಸುತ್ತಾರೆ. ಸಣ್ಣವರಿಗೆ ಆ ಕಂತು ಕಟ್ಟುವ ತಾಕತ್ತು ಎಲ್ಲಿಂದ ಬರಬೇಕು? ದೇವರ ಮೇಲೆ ಭಾರ ಹಾಕಿ ಹಾರಿಸುತ್ತಾರೆ. ಬಿದ್ದರೆ ಯಾರೂ ಯಾರನ್ನೂ ಕೇಳುವಂತಿಲ್ಲ ಎಂದು ಮೊದಲೇ ಕಾಗದ ಮಾಡಿಕೊಂಡಿರುತ್ತಾರೆ. ನಮ್ಮ ಶಾಲೆಯ ಕಾಗದದ ಕೆಳಗೂ ಇರುವೆಯಂಥ ಅಕ್ಷರದಲ್ಲಿ ಆ ಮಾತಿತ್ತು. ಇರುವೆಯಂಥ ಅಕ್ಷರ ಓದುವುದು ನನ್ನ ಕಸುಬು. ಆದರೂ ಸುಮಿತ್ರಾಳಿಗೆ ಹೇಳಲಿಲ್ಲ. ಅವಳ ಮುಖದ ಮೇಲೆ ಆಗ ಇದ್ದ ಬೆಳಕಿಗೆ ನೀರು ಹೊಯ್ಯಲು ನನಗೆ ಮನಸ್ಸಾಗಲಿಲ್ಲ.

ಉಡಾವಣೆಯ ದಿನ ಬೆಳಿಗ್ಗೆ ಶಾಲೆಯ ಹಾಲಿನಲ್ಲಿ ಪಡದೆ ಕಟ್ಟಿದ್ದರು. ನಾನೂ ಹೋಗಿದ್ದೆ. ರಾಕೆಟ್ ಏರಿತು. ಹುಡುಗಿಯರು ಕೂಗಿದ ಕೂಗಿಗೆ ಹೊರಗಿನ ಬೇವಿನ ಮರದ ಗಿಳಿಗಳೆಲ್ಲ ಹಾರಿಹೋದವು. ಮೊದಲ ಹಂತ ಕಳಚಿತು, ಮತ್ತೆ ಚಪ್ಪಾಳೆ. ಸ್ವಲ್ಪ ಹೊತ್ತಿಗೆ ಪಡದೆಯ ಮೇಲಿನ ಹಸಿರು ಗೆರೆ ಇರಬೇಕಾದ ದಾರಿ ಬಿಟ್ಟು ಬಾಗಿತು. ವಿವರಣೆ ಕೊಡುತ್ತಿದ್ದವರು ಎರಡನೇ ಹಂತ ಕೈಕೊಟ್ಟಿತು ಎಂದರು. ಎಲ್ಲವೂ ಸಮುದ್ರದ ಪಾಲಾಗಿತ್ತು. ಹುಡುಗಿಯರು ಪಡದೆ ಬಿಟ್ಟು ತಮ್ಮ ಟೀಚರ ಮುಖ ನೋಡಿದರು. ಸುಮಿತ್ರಾ ಎದ್ದು ಹೋಗಿ ಪ್ರೊಜೆಕ್ಟರಿನ ಸ್ವಿಚ್ಚು ಆರಿಸಿದಳು.

ಆಮೇಲೆ ಅವಳು ಬೇರೆಯೇ ಆದಳು. ಪಲ್ಯಕ್ಕೆ ಸರಿಯಾಗಿ ಉಪ್ಪು ಬೀಳತೊಡಗಿತು. ನನಗೆ ಭಯವಾದದ್ದೇ ಅದರಿಂದ. ವಿಜ್ಞಾನ ಸಂಘ ಬಿಟ್ಟೆ ಎಂದು ಹೆಡ್‌ಮೇಡಂಗೆ ಬರೆದುಕೊಟ್ಟಳು. ಹತ್ತು ದಿನಕ್ಕೆ ಶಾಲೆಗೆ ಕಂಪನಿಯಿಂದ ಕಾಗದ ಬಂತು: ಪರಿಹಾರ ಕೊಡಲಾಗದು, ಆದರೆ ಮುಂದಿನ ರಾಕೆಟ್ಟಿನಲ್ಲಿ ಪುಕ್ಕಟೆ ಜಾಗ ಕೊಡುತ್ತೇವೆ, ಮತ್ತೊಂದು ಬೋರ್ಡು ಮಾಡಿ, ಒಪ್ಪಿಗೆಯಿದ್ದರೆ ಜವಾಬ್ದಾರಿ ಹೊತ್ತ ಶಿಕ್ಷಕಿ ಸೋಮವಾರದೊಳಗೆ ಸಹಿ ಮಾಡಿ ಕಳಿಸಲಿ ಎಂದು. ಸುಮಿತ್ರಾ ಅದನ್ನು ಮನೆಗೆ ತಂದು ಮಡಚಿ ಅಕ್ಕಿ ಡಬ್ಬಿಯ ಕೆಳಗಿಟ್ಟಳು.

"ಸಹಿ ಮಾಡ, ಏನಾಗತೈತಿ?" ಎಂದೆ.

"ಹುಡುಗ್ಯಾರಿಗೆ ಆಸೆ ಹಚ್ಚಿ ನೀರಾಗ ಮುಳುಗಿಸೇನಿ. ಇನ್ನೊಮ್ಮೆ ಮುಳುಗಸ್ಲಿ? ನನ್ನ ಕಡಿಂದ ಆಗೂದಿಲ್ರಿ" ಎಂದಳು. ಊರಿಗೆಲ್ಲ "ನಾ ಅದೇನಿ" ಎನ್ನುವ ನಾನು ಎದ್ದು ಸ್ಕೂಟರು ಒರೆಸಲು ಹೋದೆ.

ಗಡುವಿನ ಹಿಂದಿನ ದಿನ, ರವಿವಾರ ಬೆಳಿಗ್ಗೆ, ಮೂಡಲಗಿಯ ಬಸ್ಸಿಳಿದು ಎಂಟೂ ಹುಡುಗಿಯರು ನಮ್ಮ ಬಾಗಿಲಿಗೆ ಬಂದರು. ಕಿಟಕಿಯಿಂದ ಕಂಡ ಸುಮಿತ್ರಾ ಹಿಟ್ಟಿನ ಕೈಯಲ್ಲೇ ಅಡಿಗೆ ಮನೆಯೊಳಗೆ ಸರಿದು, "ನಾ ಇಲ್ಲಂತ ಹೇಳ್ರಿ" ಎಂದಳು. ಹೇಳಿದೆ. ಪದ್ಮಾವತಿ ಬಾಗಿಲಲ್ಲಿದ್ದ ಟೀಚರ ಚಪ್ಪಲಿಗಳನ್ನು ನೋಡಿದಳು.

"ಇರ್ಲಿ ಬಿಡ್ರಿ ಕಾಕಾ. ನಾವು ಟೀಚರ್ ಕಡೆ ಬಂದಿಲ್ಲ, ನಿಮ್ಮ ಕಡೆ ಬಂದೇವಿ. ಗೌರಿದು ಕ್ಲೇಮ್ ಐತಿ."

ಪ್ಲಾಸ್ಟಿಕ್ ಚೀಲದಿಂದ ಮೊದಲು ಹೊರಬಂದದ್ದು ಹಳದಿ ಬಿಲ್ಲೆ. ಅದನ್ನು ನನ್ನ ಅಂಗೈಯಲ್ಲಿಟ್ಟು, "ಬಿಲ್ಲಿ ಈ ಸಲ ಕಳದಿಲ್ರಿ" ಎಂದಳು. ಆಮೇಲೆ ಪಂಚನಾಮೆ. ಅವಳು ಅದನ್ನು ಎದ್ದು ನಿಂತು, ಗಟ್ಟಿಯಾಗಿ, ಅಡಿಗೆ ಮನೆಯ ಗೋಡೆಗೂ ಕೇಳುವಂತೆ ಓದಿದಳು:

"ಸದರಿ ಗೌರಿಯು ಮೇಲೆ ಹೋಗುತ್ತಿರುವಾಗ ಎರಡನೇ ಹಂತದಲ್ಲಿ ತ್ರಾಸಾಗಿ ಸಮುದ್ರದಲ್ಲಿ ಬಿದ್ದು ಮೃತಪಟ್ಟಿದ್ದನ್ನು ಕೆಳಗೆ ಸಹಿ ಮಾಡಿದ ಪಂಚರಾದ ನಾವು ಪಡದೆಯ ಮೇಲೆ ಕಣ್ಣಾರೆ ಕಂಡಿದ್ದೇವೆ. ಶವ ಸಿಕ್ಕಿರುವುದಿಲ್ಲ. ಮರಣದ ಬಗ್ಗೆ ಸಂಶಯ ಇರುವುದಿಲ್ಲ." ಪಂಚರು ಯಾರೆಂದರೆ ಶಾಲೆಯ ಸಿಪಾಯಿ, ಬಿಸಿಯೂಟದ ಇಬ್ಬರು ಹೆಣ್ಣುಮಕ್ಕಳು, ಟಪಾಲಿನವರು ಮತ್ತು ಸಾಕ್ಷಾತ್ ಹೆಡ್‌ಮೇಡಂ. ದನದ ಡಾಕ್ಟರು ಮಾತ್ರ, ಇದು ತಮ್ಮ ವಿಷಯವಲ್ಲ ಎಂದು ಸಹಿ ಮಾಡಲು ಒಲ್ಲೆ ಎಂದರಂತೆ.

ನಗು ತಡೆಯಲು ನಾನು ಮೀಸೆ ಹಿಡಿದುಕೊಂಡೆ. ಅಷ್ಟರಲ್ಲಿ ಅವಳು ಕೊನೆಯ ಕಲಮಿಗೆ ಬಂದಳು. ಎಮ್ಮೆಯ ಫಾರಮಿನಲ್ಲಿ ಇದೊಂದು ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ ಉತ್ತರ ಹೇಳುವಾಗ ರೈತರ ದನಿ ನಡುಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

"ಮಾಲಕರ ನಿಷ್ಕಾಳಜಿಯಿಂದ ಸತ್ತಿದೆಯೇ? ಉತ್ತರ: ಇಲ್ಲ. ಟೀಚರ್ ರವಿವಾರವೂ ಬಂದು ನೋಡಿಕೊಂಡಿದ್ದಾರೆ. ಅವರದು ಏನೂ ತಪ್ಪಿಲ್ಲ. ಇದು ಖರೆ ಇರುತ್ತದೆ."

ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಪರಿಹಾರ ಏನ ಬೇಕವಾ?" ಎಂದು ಕೇಳಿದೆ. "ರೊಕ್ಕ ಬ್ಯಾಡ್ರಿ. ಕಂಪನಿ ಕಾಗದದ ಮ್ಯಾಲ ಟೀಚರ್ ಸಹಿ ಬೇಕು" ಎಂದಳು.

ಇಲ್ಲಿ ನನ್ನ ಹಾಳು ಕಸುಬು ಅಡ್ಡ ಬಂತು. ಇಪ್ಪತ್ತಾರು ವರ್ಷದ ಚಟ, ಕ್ಲೇಮ್ ಎಂದ ಕೂಡಲೇ ಕಣ್ಣು ತೂತು ಹುಡುಕುತ್ತದೆ. "ಎಲ್ಲಾ ಸರಿ ಐತಿ. ಆದ್ರ ನೀವು ಕಂತ ಕಟ್ಟಿಲ್ಲಲ್ಲ? ಕಂತ ಇಲ್ದ ಪಾಲಿಸಿ ಶುರುನ ಆಗೂದಿಲ್ಲ" ಎಂದು ಬಾಯಿಂದ ಬಂದೇಬಿಟ್ಟಿತು.

"ಕಟ್ಟೇವಿ! ಕರದಂಟು. ಎರಡು ತಿಂದೀರಿ. ಪಾವತಿ ಚೀಟಿ ನೀವ ಕೊಟ್ಟಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆ ಮನೆಯಿಂದ ಸುಮಿತ್ರಾ ಹೊರಗೆ ಬಂದಳು. ಮೊಳಕೈವರೆಗೆ ಹಿಟ್ಟು, ಕಣ್ಣಲ್ಲಿ ನೀರು, ಆದರೆ ಸಿಟ್ಟೆಲ್ಲ ನನ್ನ ಮೇಲೆ. "ಮಕ್ಕಳ ಕಡಿಂದ ಕಂತ ತಿಂದು ಕ್ಲೇಮ್ ಇಲ್ಲ ಅಂತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ ನಿಮಗ? ಬಿಲ್ಲಿ ಐತಿ, ಪಂಚನಾಮೆ ಐತಿ, ಇನ್ನೇನ ಬೇಕು? ಮಂಜೂರ್ ಮಾಡ್ರಿ ಮೊದಲ!"

"ಮಂಜೂರ್" ಎಂದೆ.

ಪದ್ಮಾವತಿ ತಡ ಮಾಡಲಿಲ್ಲ. ಪೆನ್ನು ತೆಗೆದು ಟೀಚರ ಮುಂದೆ ಹಿಡಿದಳು. ಸುಮಿತ್ರಾ ಪೆನ್ನನ್ನೂ ಹುಡುಗಿಯರನ್ನೂ ನೋಡಿದಳು. "ಮತ್ತ ಬಿದ್ರ?" ಎಂದು ಮೆಲ್ಲಗೆ ಕೇಳಿದಳು.

"ಮತ್ತ ಪಂಚನಾಮೆ ಬರೀತೇವ್ರಿ ಟೀಚರ್" ಎಂದಳು ಹುಡುಗಿ. "ಈಗ ರೂಢಿ ಆಗೇತಿ."

ಸುಮಿತ್ರಾ ನಕ್ಕಳು. ನಗುತ್ತ ಅಳುತ್ತ ಹಿಟ್ಟಿನ ಕೈಯಲ್ಲೇ ಅಕ್ಕಿ ಡಬ್ಬಿ ಎತ್ತಿ ಕಾಗದ ತೆಗೆದಳು. ಆ ಸಹಿಯ ಬಾಜೂಕೆ ಜೋಳದ ಹಿಟ್ಟಿನ ಹೆಬ್ಬೆಟ್ಟೊಂದು ಮೂಡಿತು. ಎಂಟೂ ಜನರಿಗೆ ರೊಟ್ಟಿ ಬಡಿದು ಹಾಕಿದಳು. ಅವತ್ತಿನ ಪಲ್ಯಕ್ಕೆ ಉಪ್ಪಿರಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಎರಡನೇ ಗೌರಿ ಈಗ ಸಿದ್ಧಳಾಗಿ ಹೋಗಿದ್ದಾಳೆ. ರಾಕೆಟ್ ಇನ್ನೂ ಹಾರಿಲ್ಲ. ಏನಾಗುತ್ತದೋ ನನಗೆ ಗೊತ್ತಿಲ್ಲ. ನಾನು ಈಗ "ದೇವರು ಹಂಗ ಮಾಡದಿರಲಿ" ಎಂಬಲ್ಲಿಗೇ ಮಾತು ನಿಲ್ಲಿಸುವುದನ್ನು ಕಲಿತಿದ್ದೇನೆ.

ಮೊನ್ನೆ ಹತ್ತರಗಿಗೆ ಹೊರಟಾಗ ನೋಡುತ್ತೇನೆ, ಸ್ಕೂಟರಿನ ಕೀಲಿಗೆ ಆ ಹಳದಿ ಬಿಲ್ಲೆ ಜೋತುಬಿದ್ದಿದೆ. ಏನಿದು ಎಂದೆ. "ದಿನಾ ಹೈವೇದಾಗ ಹೋಗತೀರಿ. ಬಿಲ್ಲಿ ಇಲ್ಲಂದ್ರ ಕ್ಲೇಮ್ ಇಲ್ಲ ಅಂತ ನೀವ ಹೇಳತೀರಲ್ಲ" ಎಂದು ಸುಮಿತ್ರಾ ಒಳಗೆ ಹೋದಳು. ಬ್ಯಾಗು ತೆರೆದರೆ ಅದರಲ್ಲಿ ಎಮ್ಮೆಯ ಫಾರಮು, ಅವಳ ಮುದ್ದಾದ ಅಕ್ಷರದಲ್ಲಿ ತುಂಬಿದ್ದು. ತಳಿ: ಗೋಕಾಕ. ಕೊಂಬು: ಇಲ್ಲ, ಇದೆಯೆಂದು ತಿಳಿದುಕೊಂಡಿದೆ. ಹಾಲು: ಇಲ್ಲ. ಮಾತು: ಎರಡೂ ಹೊತ್ತು, ಧಾರಾಳ. ಅಂದಾಜು ಕಿಮ್ಮತ್ತಿನ ಮುಂದೆ ಮಾತ್ರ ಪೆನ್ಸಿಲ್ಲಿನಲ್ಲಿ ಏನೋ ಬರೆದು ಅಳಿಸಿದ್ದಾಳೆ. ಬಿಸಿಲಿಗೆ ಹಿಡಿದೆ, ಕನ್ನಡಕ ಒರೆಸಿ ನೋಡಿದೆ. ಇರುವೆಯಂಥ ಅಕ್ಷರ ಓದಿ ಬದುಕಿದವನಿಗೆ ಅದೊಂದು ಓದಲು ಬರಲಿಲ್ಲ. ಒಳಗೆ ಹೋಗಿ ಕೇಳೋಣವೆಂದರೆ, ಕಡಿಮೆ ಬರೆದಿದ್ದರೆ ಎಂಬ ಭಯ. ಸದ್ಯಕ್ಕೆ ಫಾರಮನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಬಿಲ್ಲೆ ಅಲ್ಲಾಡಿಸುತ್ತ, ಎಂದಿಗಿಂತ ನಿಧಾನವಾಗಿ ಸ್ಕೂಟರು ಓಡಿಸುತ್ತಿದ್ದೇನೆ.