ನಾದಿನಿಯ ಹೊಟ್ಟೆಯ ಸಮಾಚಾರ

ಇಂಚರಾ, ಮಧು, ನಿಮ್ಮ ತಾತನ ತಂಗಿ, ಅಂದರೆ ನನ್ನ ನಾದಿನಿ, ಇಡೀ ಹೊಸೂರಿನಲ್ಲಿ ಯಾರನ್ನೂ ನಂಬುವವಳಲ್ಲ. ದೇವರೇ ಎದುರಿಗೆ ಬಂದು ನಿಂತರೂ, "ಬೆಳಗ್ಗೆ ಹೊಟ್ಟೆ ಸರ್ಯಾಗಿ ಹೋಯ್ತಾ?" ಎಂದು ವಿಚಾರಿಸಿದ ಮೇಲೆಯೇ ಕೈಮುಗಿದಾಳು!

ನಗಬೇಡಿ. ಇದನ್ನೆಲ್ಲ ಬಾಯಲ್ಲಿ ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಬೇರೆಯವರು ಊಟ ಆಯಿತೇ ಎಂದು ಕೇಳುತ್ತಾರೆ. ಇವಳು ಅದರ ಮುಂದಿನ ಸಂಗತಿ ಕೇಳುತ್ತಾಳೆ. ಆಯಿತು ಎಂದರೆ ನಂಬಿಯಾಳೇ? ನಾಲಿಗೆ ಚಾಚಿಸಿ ನೋಡಿ, "ಸುಳ್ಳು" ಎನ್ನುತ್ತಾಳೆ. ಒಮ್ಮೆ ತಳಿ ಊರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲರ ಮೇಲೂ ಸಿಡುಕುತ್ತಿದ್ದ. "ಪಾಪ, ಇವನಿಗೆ ಹೊಟ್ಟೆ ಕಟ್ಕೊಂಡೈತೆ ಕಣತ್ತಿಗೆ, ಮೊಕ ನೋಡು" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿಬಿಟ್ಟಳು. ನಾನು ಸೆರಗಿನೊಳಗೆ ಮುಖ ಮುಚ್ಚಿಕೊಂಡೆ. ನಾವು ಇಳಿಯುವಾಗ ಆತ ಮೆಲ್ಲಗೆ ಬಗ್ಗಿ, "ಅದಕ್ಕೇನ್ ತಿನ್ಬೇಕಮ್ಮಾ?" ಎಂದು ಕೇಳಿದ!

ನಿಮ್ಮ ಸೋದರತ್ತೆಯನ್ನು ನೋಡಲು ಗಂಡಿನವರು ಬಂದಾಗಲೂ ಅಷ್ಟೆ. ಗಂಡಿನ ತಂದೆ ತೆಲುಗಿನವರು. ಇವಳ ಪ್ರಶ್ನೆ ಅರ್ಥವಾಗದೆ ಸುಮ್ಮನೆ ನಕ್ಕರು. ನಮ್ಮ ಮಾನ ಉಳಿಯಿತು ಎಂದುಕೊಂಡೆ. ಇವಳು ಬಿಡಬೇಕಲ್ಲ? ಅದನ್ನೇ ತೆಲುಗಿನಲ್ಲಿ ಕೇಳಿದಳು!

ಈ ವರ್ಷ ನಾನು ಆಲಸನತ್ತಂನ ಅವಳ ಮನೆಯಲ್ಲಿ ಕೆಲವು ದಿನ ಇದ್ದೆ. ಅವಳ ಮಗ ಸೂಳಗಿರಿ ಕಡೆಯ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದಾನೆ. ತಾಯಿ ಊಟ ಕಡಿಮೆ ಮಾಡಿದ್ದಾಳೆ, ಹೊಟ್ಟೆ ಉಬ್ಬರ ಎನ್ನುತ್ತಾಳೆ ಎಂದು ಫೋನಿನಲ್ಲೇ ಒಂದು ಡಬ್ಬ ತರಿಸಿದ.

"ಹೊಟ್ಟೆ ಒಳಗೆ ಕಣ್ಣಿಗೆ ಕಾಣ್ದಿರೋ ಹುಳ ಇರ್ತವಂತಮ್ಮಾ, ಒಳ್ಳೇವು, ಕೆಟ್ಟವು. ಒಂಚೂರು ಈ ಟ್ಯೂಬಿಗೆ ಹಾಕಿ ಕಳ್ಸಿದ್ರೆ ಯಾವ್ಯಾವು ಅದಾವೆ ಅಂತ ನನ್ ಫೋನಿಗೆ ಹೇಳ್ತಾರೆ."

"ಏನ್ಲಾ ಒಂಚೂರು?"

"ಅದೇ."

"ಅದೇ ಅಂದ್ರೆ?"

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಡಬ್ಬದಲ್ಲಿ ಏನೋ ದ್ರವ ತುಂಬಿದ ಸಣ್ಣ ಟ್ಯೂಬು, ಮುಚ್ಚಳಕ್ಕೇ ಅಂಟಿಕೊಂಡ ಪುಟಾಣಿ ಚಮಚ, ಕಮೋಡಿನ ಮೇಲೆ ಹಾಸಲು ಒಂದು ಕಾಗದ. ನಿಜ ಹೇಳುತ್ತೇನೆ, ನನಗೂ ಅನುಮಾನವೇ. ಯಾವುದೋ ಊರಿನವರು ಇದನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತಾರೆಂದರೆ ಯಾರು ನಂಬುತ್ತಾರೆ?

ನಾದಿನಿಯ ಅನುಮಾನ ಇನ್ನೂ ಮುಂದಕ್ಕೆ ಹೋಯಿತು. "ಉಗುರು, ಕೂದಲು ಸಿಕ್ರೇನೇ ಮಾಟ ಮಾಡ್ಬುಡ್ತಾರೆ. ಇದ್ನೇ ಕೈಗ್ ಕೊಟ್ರೆ ಸುಮ್ಕಿರ್ತಾರೇನ್ಲಾ?"

"ಅವರು ನಿನ್ನ ನೋಡೇ ಇಲ್ವಲ್ಲಮ್ಮಾ, ನಿನ್ ಮೇಲೇನು ದ್ವೇಷ?"

"ನೋಡ್ದಿರೋರ್ನ ನಂಬಲೇಬಾರ್ದು ಕಣ್ಲಾ!"

ಆದರೆ ನನ್ನ ತಲೆಯೊಳಗೆ ಬೇರೆಯೇ ಹುಳ ಹೊಕ್ಕಿತು. ಲೋಕದ ಹೊಟ್ಟೆಯನ್ನೆಲ್ಲ ವಿಚಾರಿಸಿದವಳು ಇವಳು. ಈಗ ಲೋಕವೇ ಅವಳ ಹೊಟ್ಟೆಯನ್ನು ವಿಚಾರಿಸಲು ಬಂದಿದೆ. ಕುಣಿದಾಡಬೇಕಿತ್ತು! ಇವಳು ನೋಡಿದರೆ ಆ ಡಬ್ಬ ಕಂಡಾಗೆಲ್ಲ ಬಿಳಿಚಿಕೊಳ್ಳುತ್ತಾಳೆ. ಎರಡು ದಿನ ಮಗನ ಜೊತೆ ಜಗಳವಾಡಿದಳು. ಆಮೇಲೆ ಒಂದು ಬೆಳಗ್ಗೆ ತಾನಾಗಿಯೇ, "ಆಯ್ತು, ಕೊಡ್ಲಾ ಇಲ್ಲಿ" ಎಂದು ಡಬ್ಬ ತೆಗೆದುಕೊಂಡಳು. ಮಗ ಖುಷಿಯಿಂದ ಕೆಲಸಕ್ಕೆ ಹೋದ.

ನಾನು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕಿವಿ ಒಳಗೇ ಇಟ್ಟಿದ್ದೆ. ಬಚ್ಚಲ ಕಡೆಯ ಬಾಗಿಲು ಸದ್ದೇ ಮಾಡಲಿಲ್ಲ. ಸದ್ದು ಬಂದದ್ದು ಅಡುಗೆಮನೆಯಿಂದ! ಎದ್ದು ಹೋಗಿ ನೋಡಿದರೆ, ರಾತ್ರಿ ಉಳಿದ ರಾಗಿಮುದ್ದೆಗೆ ಹುಣಸೆರಸ ಕಲಸಿ, ಆ ಪುಟಾಣಿ ಚಮಚದಲ್ಲಿ ಟ್ಯೂಬಿಗೆ ತುಂಬುತ್ತಿದ್ದಾಳೆ.

"ಏನಮ್ಮೀ ಇದು?"

"ಮೆಲ್ಲಗೆ, ಅತ್ತಿಗೆ! ಬಣ್ಣ ಸರಿ ಐತಾ ನೋಡು."

"ಮುದ್ದೇಲಿ ಯಾವ ಹುಳ ಹುಡುಕ್ತಾರೇ ಅವರು?"

"ರಾಗಿ ತಾನೇ, ಒಳ್ಳೇದೇ ಬರ್ತದೆ ಬುಡು!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ನಾನು ಕಣ್ಣೊರೆಸಿಕೊಂಡೆ. ಅವಳೂ ಒರೆಸಿಕೊಂಡಳು, ಆದರೆ ಅವಳದು ನಿಲ್ಲಲಿಲ್ಲ. ಆಗ ನಾನು, ಎಲ್ಲರಿಗೂ ಅವಳು ಕೇಳುವ ಮಾತನ್ನೇ ಅವಳಿಗೆ ಕೇಳಿದೆ. "ನಿಂಗೆ ಸರಿಯಾಗಿ ಹೋಗ್ತಾ ಇದೆಯೇನೇ?"

ಚಮಚ ಕೆಳಗಿಟ್ಟಳು. "ರಕ್ತ ಹೋಯ್ತೈತೆ ಅತ್ತಿಗೆ. ಯುಗಾದಿಯಿಂದ."

"ಮಗನಿಗೆ ಹೇಳ್ಬಾರ್ದಾ?"

"ಹೇಳಿದ್ರೆ ಆಸ್ಪತ್ರೆ ಅಂತಾನೆ. ಅಲ್ಲಿ ಏನಂತಾರೋ? ಗೊತ್ತಾಗ್ದೇ ಇದ್ರೆ ಹಿಂಗೇ ಇದ್ದುಬುಡ್ತೀನಿ."

ಆಗಿಂದಾಗಲೇ ಅವಳನ್ನು ಆಟೋ ಹತ್ತಿಸಿ, ದಾರಿಯುದ್ದಕ್ಕೂ ಒಂದೊಂದೇ ವಿವರ ಕೇಳಿಕೊಳ್ಳುತ್ತಾ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ತಮಿಳು ಹುಡುಗ. ಏನಮ್ಮಾ ತೊಂದರೆ ಎಂದು ತಮಿಳಿನಲ್ಲಿ ಕೇಳಿದರು. ನಾದಿನಿ ಬಾಯಿಗೆ ಸೆರಗು ಅಡ್ಡ ಹಿಡಿದು ತಲೆ ತಗ್ಗಿಸಿದಳು. ಅವರು ಮತ್ತೆ ಕೇಳಿದರು. ಅವಳು ಸೆರಗನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು!

ಹೊರಗೆ ಜನ ಕಾಯುತ್ತಿದ್ದರು. ಮುಂದಿನವರನ್ನು ಕರೆಯಲು ಡಾಕ್ಟರು ಬೆಲ್ಲಿನ ಮೇಲೆ ಕೈಯಿಟ್ಟರು. ಆಗ ನಾನು ಹೇಳಿದೆ. ನಾಲ್ಕು ಜನರ ಎದುರಿಗೆ ನಿಮ್ಮ ತಾತನನ್ನು ಊಟಕ್ಕೆ ಏಳಿ ಎಂದು ಕರೆಯಲೂ ನಾಚುತ್ತಿದ್ದವಳು, ರಕ್ತದ ಬಣ್ಣ, ನೋವಿನ ಜಾಗ, ಎಲ್ಲವನ್ನೂ ಗೊತ್ತಿದ್ದಷ್ಟು ತಮಿಳಿನಲ್ಲಿ, ಉಳಿದದ್ದು ಕನ್ನಡದಲ್ಲಿ ಹೇಳಿದೆ. ಕಿವಿ ಬೆಂಕಿಯಾಗಿತ್ತು.

ಡಾಕ್ಟರು ತಲೆಯಾಡಿಸಿ ಮಂಚ ತೋರಿಸಿದರು. "ಪಡುಂಗಮ್ಮಾ." ಮಲಗಿಕೊಳ್ಳಿ ಎಂದು ಹೇಳಿದ್ದು ನನಗೆ!

ನನ್ನದಲ್ಲ ಎನ್ನಲು ಬಾಯಿ ಬರಲಿಲ್ಲ. ಅಷ್ಟು ಹೇಳುವುದರಲ್ಲೇ ಇದ್ದ ಧೈರ್ಯವೆಲ್ಲ ಖರ್ಚಾಗಿತ್ತು. ಎದ್ದು ಹೋಗಿ ಮಂಚದ ಮೆಟ್ಟಿಲ ಮೇಲೆ ಕಾಲಿಟ್ಟೆ.

"ಅಯ್ಯೋ, ಇಳಿ ಅತ್ತಿಗೆ!" ಎಂದು ನಾದಿನಿ ಸೆರಗು ಬಿಟ್ಟು ಕೂಗಿದಳು. "ಅವಳ್ದಲ್ಲ ಸಾರ್, ನಂದು! ಎಲ್ಲಾ ನಂದೇ!" ನನ್ನನ್ನು ಎಳೆದು, ತಾನೇ ಹತ್ತಿ ಮಲಗಿದಳು. ಪರೀಕ್ಷೆ ಮುಗಿಯುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ.

ಡಬ್ಬದ ಕಥೆಯನ್ನೂ ಹೇಳಿದೆವು. ರಕ್ತ ಕಂಡರೆ ಆ ಡಬ್ಬವನ್ನು ನಂಬಿ ಕೂರಬಾರದು, ಒಳಗೆ ಕ್ಯಾಮೆರಾ ಬಿಟ್ಟು ನೋಡಬೇಕು ಎಂದರು ಡಾಕ್ಟರು. ನೋಡಿದರು. ಕರುಳಿನಲ್ಲಿ ಒಂದು ಗಂಟು ಇತ್ತು. ಇನ್ನೂ ಕೆಟ್ಟದ್ದಾಗಿರಲಿಲ್ಲ. ತೆಗೆದರು. ಈಗ ಚೆನ್ನಾಗಿದ್ದಾಳೆ.

ಮಕ್ಕಳೇ, ಈ ಹಾಳೆಗಳನ್ನು ಎಲ್ಲಾದರೂ ಜೋಪಾನವಾಗಿ ಇಟ್ಟಿರಿ. ನನ್ನ ನಾಚಿಕೆ ನಿಮ್ಮಿಬ್ಬರಿಗೂ ಬಂದಿದೆ, ನೋಡಿದ್ದೇನೆ. ಎಂದಾದರೂ ಡಾಕ್ಟರ ಮುಂದೆ ಬಾಯಿ ಕಟ್ಟುವ ಹಾಗಿದ್ದರೆ, ಇದನ್ನೊಮ್ಮೆ ಓದಿಕೊಂಡು ಹೋಗಿ. ನಿಮ್ಮ ಬದಲು ಆ ಮಂಚ ಹತ್ತಲು ಆಗ ನಾನು ಇರುವುದಿಲ್ಲವಲ್ಲ.