ಕೊಪ್ಪದಲ್ಲಿ ಕಡಲಿನ ಪಾಠ

ಘಟ್ಟದ ಮೇಲೆ ಕುಳಿತು ಕಡಲಿನ ಪಾಠ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಸ್ಸು ಹತ್ತಿ ಕಾಲೇಜಿಗೆ ಬರುತ್ತವೆ.

ನಾನು ಕೊಪ್ಪದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮನೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ. ಬೆನ್ನೆಲುಬಿಲ್ಲದ ಕಡಲ ಜೀವಿಗಳು ನನಗೆ ಇಷ್ಟದ ವಿಷಯ: ಸ್ಪಂಜು, ಜೆಲ್ಲಿ ಮೀನು, ನಕ್ಷತ್ರ ಮೀನು, ಏಡಿ, ಚಿಪ್ಪು. ಎಂ.ಎಸ್ಸಿ. ಓದುವಾಗ ಕರಾವಳಿಯಲ್ಲಿದ್ದೆ. ಹಾಸ್ಟೆಲಿನ ಕಿಟಕಿ ತೆರೆದರೆ ಉಪ್ಪಿನ ಗಾಳಿ ಬರುತ್ತಿತ್ತು. ನೀರು ಹಿಂದೆ ಸರಿದಾಗ ಬಂಡೆಗಳ ಸಂದಿಯಲ್ಲಿ ಬಗ್ಗಿ ನಿಂತು, ಊಟದ ಹೊತ್ತು ಮೀರಿದ್ದೂ ಗೊತ್ತಾಗದಂತೆ ನೋಡುತ್ತಿದ್ದೆವು. ಆಮೇಲೆ ಮದುವೆ, ಕೆಲಸ, ಎರಡೂ ಘಟ್ಟದ ಮೇಲೆಯೇ ಆದವು. ಈಗಲೂ ಬೆಳಗಿನ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಅಲೆಯ ಸದ್ದು ಕೇಳುತ್ತದೆ. ಕಣ್ಣು ಬಿಟ್ಟರೆ ಕಂಡಕ್ಟರು ನಿಂತಿರುತ್ತಾನೆ.

ಮುಂಭಾಗ ಯಾವುದು?

ಒಂದು ದಿನ ನಕ್ಷತ್ರ ಮೀನಿನ ಪಾಠ. ನಮ್ಮ ಲ್ಯಾಬಿನಲ್ಲಿರುವುದು ಒಂದೇ ಒಂದು ನಕ್ಷತ್ರ ಮೀನು. ಫಾರ್ಮಾಲಿನ್ ತುಂಬಿದ ಬಾಟಲಿಯಲ್ಲಿ ವರ್ಷಗಟ್ಟಲೆ ಇದ್ದು ಬೇಯಿಸಿದ ಹಲಸಿನ ತೊಳೆಯ ಬಣ್ಣಕ್ಕೆ ಬಂದಿದೆ.

"ಜೀವ ಇರುವಾಗ ಇದರ ಬಣ್ಣ ಹೇಗಿರತ್ತೆ ಮೇಡಂ?" ಎಂದು ಒಬ್ಬಳು ಕೇಳಿದಳು.

ಹೇಳಲು ಹೊರಟೆ. ಕೆಲವು ಕೇಸರಿ, ಕೆಲವು ನೇರಳೆ, ನೀರಿನೊಳಗೆ ಬಿಸಿಲು ಬಿದ್ದಾಗ ಇನ್ನೊಂದೇ ಬಣ್ಣ. ಹೇಳುತ್ತಾ ಹೇಳುತ್ತಾ ಎಲ್ಲೋ ಹೋಗಿಬಿಟ್ಟೆ ಅಂತ ಕಾಣುತ್ತದೆ. ಕ್ಲಾಸು ಸುಮ್ಮನೆ ನನ್ನ ಮುಖ ನೋಡುತ್ತಿತ್ತು. ತಕ್ಷಣ ಪಾಠಕ್ಕೆ ಮರಳಿ, "ಇದಕ್ಕೆ ತಲೆ ಇಲ್ಲ" ಎಂದೆ.

ಮೇಗುಂದದ ಕಡೆಯ ಹುಡುಗನೊಬ್ಬ ಎದ್ದ. "ತಲೆ ಇಲ್ಲದಿದ್ರೆ ಮುಂಭಾಗ ಯಾವುದು ಅಂತ ಹೇಗೆ ಗೊತ್ತಾಗತ್ತೆ ಮೇಡಂ?"

"ಐದು ತೋಳುಗಳಲ್ಲಿ ಯಾವುದು ಮೊದಲು ಹೊರಡುತ್ತೋ ಅದೇ ಮುಂಭಾಗ. ಉಳಿದವು ಅದರ ಹಿಂದೆ ಹೋಗುತ್ತವೆ."

ಅವನು ಬೆರಳು ಮಡಚಿ ಎಣಿಸಿದ. "ನಮ್ಮನೇಲೂ ಅಪ್ಪ, ಚಿಕ್ಕಪ್ಪಂದಿರು ಸೇರಿ ಐದು ಜನ ಮೇಡಂ. ತಲೆ ಅಂತ ಯಾರೂ ಇಲ್ಲ. ಆದ್ರೆ ಯಾರು ಹೊರಟ್ರೂ ಉಳಿದ ನಾಲ್ಕು ಜನ ಹಿಂದಕ್ಕೆ ಎಳೀತಾರೆ. ಮೀನೇ ವಾಸಿ."

ಒಂದು ಚೌಕ ಜಾಗ

ಒಂದು ವರ್ಷ ಮಕ್ಕಳನ್ನು ಕಡಲಿಗೆ ಪ್ರವಾಸ ಕರೆದೊಯ್ಯಲು ಕಾಲೇಜಿನ ಅನುಮತಿ ಸಿಗಲಿಲ್ಲ. ತೀರದಲ್ಲಿ ಜೀವಿಗಳನ್ನು ಎಣಿಸುವ ಕ್ರಮವನ್ನಾದರೂ ಕಲಿಸೋಣ ಎಂದು ಮಕ್ಕಳನ್ನು ನರಸಿಂಹರಾಜಪುರಕ್ಕೆ, ಭದ್ರಾ ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋದೆ. ಕ್ರಮ ಸುಲಭ. ಮರದ ಪಟ್ಟಿಯ ಒಂದು ಚೌಕ ಮಾಡಿಕೊಂಡು ನೆಲದ ಮೇಲಿಡುವುದು, ಅದರೊಳಗೆ ಎಷ್ಟು ಹುಳ, ಎಷ್ಟು ಶಂಖದ ಹುಳು ಇವೆ ಎಂದು ಬರೆದುಕೊಳ್ಳುವುದು, ಮತ್ತೆ ಮುಂದಕ್ಕೆ ಇಡುವುದು.

ಬೇಸಿಗೆ. ನೀರು ದೂರ ಸರಿದು ಕೆಸರು ಬಿರುಕು ಬಿಟ್ಟಿತ್ತು. ದೂರದಿಂದ ನೋಡಿದರೆ ಥೇಟು ಕಡಲೇ. ನಾನು ಯಾರಿಗೂ ಕಾಣದಂತೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡೆ. ಸಪ್ಪೆ.

ದನ ಮೇಯಿಸುತ್ತಿದ್ದ ವಯಸ್ಸಾದವರೊಬ್ಬರು ಬಹಳ ಹೊತ್ತು ನಮ್ಮನ್ನು ನೋಡಿ ಹತ್ತಿರ ಬಂದರು. ಅಣೆಕಟ್ಟು ಕಟ್ಟಿದಾಗ ಅವರ ಹಿರಿಯರ ಮನೆ ಇದೇ ನೀರಿನಡಿ ಹೋಗಿತ್ತಂತೆ.

"ಎಂತ ಸರ್ವೆ ಇದು? ಮತ್ತೆ ಮುಳುಗಿಸ್ತಾರಾ?"

"ಇಲ್ಲ ಅಜ್ಜ, ಕಾಲೇಜು ಮಕ್ಕಳು. ಈ ಚೌಕದೊಳಗೆ ಎಷ್ಟು ಜೀವ ಇದೆ ಅಂತ ನೋಡ್ತಿದ್ದೇವೆ."

ಅವರು ಚೌಕದ ಸುತ್ತ ಒಂದು ಸುತ್ತು ಬಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ನೀವು ಹೇಳದಿದ್ರೂ ಗೊತ್ತಾಯ್ತು ಬಿಡಿ ಅಮ್ಮ. ಹೋದ ಸಲ ಪರಿಹಾರ ಕಮ್ಮಿ ಆಯ್ತು ಅಂತ ಕೂಗಾಡಿದ್ವಿ. ಅದಕ್ಕೇ ಸಿಟ್ಟು ಮಾಡ್ಕೊಂಡು ಈ ಸಲ ಒಬ್ಬೊಬ್ಬರಿಗೆ ಇಷ್ಟೇ ಜಾಗ ಅಂತ ತೀರ್ಮಾನ ಮಾಡಿದಾರೆ, ಅಲ್ವಾ?"

ಸನ್ಯಾಸಿಯ ಮನೆ

ಮರುವರ್ಷ ಅನುಮತಿ ಸಿಕ್ಕಿತು. ಕಡಲಿನಿಂದ ಬರುವಾಗ ಲ್ಯಾಬಿನಲ್ಲಿ ತೋರಿಸೋಣವೆಂದು ಎರಡು ಪುಟ್ಟ ಏಡಿಗಳನ್ನು ಉಪ್ಪುನೀರಿನ ಡಬ್ಬದಲ್ಲಿ ತಂದೆ. ನಾವು ತಲುಪುವಷ್ಟರಲ್ಲಿ ಕಾಲೇಜಿಗೆ ಬೀಗ ಬಿದ್ದಿತ್ತು. ಡಬ್ಬ ನನ್ನ ಜೊತೆ ಮನೆಗೇ ಬಂತು.

ನಮ್ಮದು ಪೂಜೆ ಪುನಸ್ಕಾರದ ಮನೆ. ಅತ್ತೆ ಬಾಗಿಲಲ್ಲೇ ತಡೆದರು.

"ಎಂತ ಅದು? ಮೀನಾ? ಮನೆಯೊಳಗೆ ತರೂಕಾಗ."

"ಮೀನಲ್ಲ ಅತ್ತೆ. ಸನ್ಯಾಸಿ ಏಡಿ."

ಸನ್ಯಾಸಿ ಎಂದ ಕೂಡಲೇ ಅತ್ತೆಯ ದನಿ ಬದಲಾಯಿತು. ಡಬ್ಬಕ್ಕೆ ಜಗಲಿಯಲ್ಲಿ ಮಣೆ ಹಾಕಿಕೊಟ್ಟು ಪಕ್ಕದಲ್ಲಿ ಕುಳಿತರು. ಇದಕ್ಕೆ ಸ್ವಂತ ಚಿಪ್ಪಿಲ್ಲ, ಸತ್ತ ಶಂಖದ ಹುಳುವಿನ ಚಿಪ್ಪಿನೊಳಗೆ ವಾಸ ಮಾಡುತ್ತದೆ ಎಂದು ವಿವರಿಸಿದೆ. ಅತ್ತೆ ಕೈಮುಗಿಯುವುದೊಂದು ಬಾಕಿ. ಅಷ್ಟರಲ್ಲಿ ದೊಡ್ಡ ಏಡಿ ಚಿಕ್ಕದರ ಮೈಮೇಲೇರಿ ಅದರ ಚಿಪ್ಪನ್ನು ಅಲ್ಲಾಡಿಸತೊಡಗಿತು.

"ಎಂತ ಮಾಡ್ತಾ ಇದ್ದ ಇವ?"

"ಅದರ ಚಿಪ್ಪು ಇವನಿಗೆ ಬೇಕಂತೆ. ಅದನ್ನ ಹೊರಗೆ ಹಾಕಿ ತಾನು ಒಳಗೆ ಸೇರ್ತಾನೆ."

ಅತ್ತೆ ಡಬ್ಬದಡಿಯ ಮಣೆ ಎಳೆದುಕೊಂಡರು. "ಸುಟ್ಟಿತು ಇವನ ಸನ್ಯಾಸ! ನಾನು ಸಂಸಾರಿ, ಮದುವೆಯಾಗಿ ಬಂದ ಮನೆಯಲ್ಲೇ ಇಷ್ಟು ವರ್ಷ ಕಳೆದೆ ಮಾರಾಯ್ತಿ. ಇವ ಸನ್ಯಾಸಿ, ಮೂರು ದಿನಕ್ಕೊಂದು ಮನೆ ಬೇಕು ಇವನಿಗೆ!"

ಬೈದರೂ ಅಲ್ಲಿಂದ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಸಮುದ್ರ ಹೇಗಿರತ್ತೆ ಕೂಸೇ?" ಎಂದು ಕೇಳಿದರು.

ಅತ್ತೆ ಸಮುದ್ರ ನೋಡಿಲ್ಲ ಎಂದು ನನಗೆ ಗೊತ್ತಾದದ್ದೇ ಆಗ. ಉಡುಪಿಗೆ ಹೋಗಿದ್ದಾರೆ. ಹೋದಾಗಲೆಲ್ಲ ದರ್ಶನ, ಊಟ, ವಾಪಸ್. ಒಮ್ಮೆ ಆಸೆ ತಡೆಯದೆ ಮಾವನವರನ್ನು ಕೇಳಿದ್ದರಂತೆ. ಮಾವನವರು, "ನೀರು ನೋಡೂಕೆ ಇನ್ನೂ ದೂರ ಹೋಗ್ಬೇಕಾ? ನಮ್ಮೂರಲ್ಲಿ ತುಂಗೆ ಹರೀತಿಲ್ವಾ?" ಎಂದು ಬಸ್ಸು ಹತ್ತಿಸಿದರಂತೆ.

ಇನ್ನೊಬ್ಬ ಹೆಂಗಸು

ಈ ವರ್ಷ ಮತ್ತೆ ತೊಡಕು. ಪ್ರಾಂಶುಪಾಲರು ವಾಣಿಜ್ಯ ಕಲಿಸಿದವರು. "ಈಗ ಎಲ್ಲಾ ಪರದೆ ಮೇಲೇ ಕಾಣ್ತದಲ್ಲ ಮೇಡಂ. ಸಮುದ್ರವನ್ನೂ ಕ್ಲಾಸಿನಲ್ಲೇ ತೋರಿಸಿ. ಖರ್ಚಿಲ್ಲ, ವಾಂತಿಯೂ ಇಲ್ಲ" ಎಂದರು. ಪ್ರಾಣಿಶಾಸ್ತ್ರಕ್ಕೆ ಸೇರುವವರು ಕಡಿಮೆಯಾಗುತ್ತಿದ್ದಾರೆ, ಮುಂದಿನ ವರ್ಷ ಈ ವಿಷಯ ಇರುತ್ತದೋ ಇಲ್ಲವೋ. ಇದೇ ಕೊನೆಯ ಪ್ರವಾಸ ಆಗಬಹುದೆಂದು ಬೇಡಿಕೊಂಡೆ. ಕೊನೆಗೆ ಒಂದು ಷರತ್ತು ಹಾಕಿದರು. ಹುಡುಗಿಯರೇ ಹೆಚ್ಚಿರುವುದರಿಂದ ಜೊತೆಗೆ ಇನ್ನೊಬ್ಬ ಮಹಿಳೆ ಬರಬೇಕು.

ಸಸ್ಯಶಾಸ್ತ್ರದ ಮೇಡಂ, "ಘಟ್ಟದ ತಿರುವು ಅಂದ್ರೇ ಸಾಕು, ನನಗೆ ಇಲ್ಲೇ ಹೊಟ್ಟೆ ತೊಳೆಸ್ತದೆ" ಎಂದು ಕೈಮುಗಿದರು. ಬೇರೆ ಯಾರೂ ಸಿಗಲಿಲ್ಲ. ಮನೆಯಲ್ಲಿ ಯಜಮಾನರ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದೆ. ಅಡುಗೆಮನೆಯಿಂದ ಅತ್ತೆ ಕೇಳಿದರು, "ಇನ್ನೊಬ್ಬ ಹೆಂಗಸು ಅಂದ್ರಲ್ದಾ? ನಾನು ಹೆಂಗಸಲ್ದಾ?"

ಪ್ರಾಂಶುಪಾಲರಿಗೆ ಹೇಳಿದೆ. "ಅವರಿಗೆ ವಿಷಯದಲ್ಲಿ ಆಸಕ್ತಿ ಇದೆಯೇ?" ಎಂದರು.

"ಏಡಿಯ ಸಂಗತಿ ಒಂದರಲ್ಲೇ ನನ್ನನ್ನು ಅರ್ಧ ಸಂಜೆ ಪ್ರಶ್ನೆ ಕೇಳಿದ್ದಾರೆ ಸರ್."

"ಪ್ರಶ್ನೆ ಕೇಳ್ತಾರಾ? ಹಾಗಾದ್ರೆ ಅಡ್ಮಿಶನ್ನೇ ಮಾಡಿಸಿ."

ಭರತ

ಆಗುಂಬೆ ಇಳಿದು, ಉಡುಪಿ ದಾಟಿ, ಬಂಡೆಗಳಿರುವ ಒಂದು ತೀರ ಸೇರಿದೆವು. ಬಂಡೆಯ ಸಂದಿಗಳೆಲ್ಲ ಕಾಣಿಸುವುದು ನೀರು ಇಳಿದಾಗ. ಆ ಹೊತ್ತನ್ನೇ ನೋಡಿ ಹೋಗಿದ್ದೆ. ಮಕ್ಕಳು ಚಪ್ಪಲಿ ಬಿಟ್ಟು ಓಡಿದರು. ಅತ್ತೆ ಬಸ್ಸಿನ ಮೆಟ್ಟಿಲು ಇಳಿದು, ಸೆರಗು ಹೊದ್ದುಕೊಂಡು ನಿಂತು ನೀರನ್ನೇ ನೋಡಿದರು. ಆಮೇಲೆ ಅವರ ಮುಖ ಸಣ್ಣದಾಯಿತು.

"ಹಿಂದೆ ಹಿಂದೆ ಹೋಗ್ತಾ ಇದ್ದಲ್ಲೇ ಇದು! ನಾನು ಬರೋದನ್ನೇ ಕಾದು ಹೊರಟು ಹೋದ ಹಾಗಿದ್ದು."

"ಇದು ಇಳಿತ ಅತ್ತೆ. ಸಂಜೆ ಹೊತ್ತಿಗೆ ನೀರು ಮತ್ತೆ ಏರಿ ಬರ್ತದೆ. ಅದಕ್ಕೆ ಭರತ ಅಂತಾರೆ."

"ಭರತನಾ? ಹೆಸರು ಚೆನ್ನಾಗಿದ್ದು. ಬರಲಿ ಅವ, ನಾನು ಕಾಯ್ತೆ" ಎಂದು ಮರಳಿನಲ್ಲಿ ಕುಳಿತೇ ಬಿಟ್ಟರು.

ನಾವು ಬಂಡೆಗಳ ನಡುವೆ ನೋಡುವುದನ್ನೆಲ್ಲ ನೋಡಿದೆವು. ಜೀವಂತ ನಕ್ಷತ್ರ ಮೀನು ಕಂಡಾಗ ಹುಡುಗಿಯೊಬ್ಬಳು ಅಳುವಷ್ಟು ಸಂತೋಷಪಟ್ಟಳು. ಹೊರಡುವ ಹೊತ್ತಾಯಿತು. ಡ್ರೈವರ್ ಹಾರ್ನ್ ಹೊಡೆದ. ಅತ್ತೆ ಅಲ್ಲಾಡಲಿಲ್ಲ. "ಇಷ್ಟು ವರ್ಷ ಕಾದವಳು. ಇನ್ನೊಂದು ಗಳಿಗೆಗೆ ಎಂತಕ್ಕೆ ಅವಸರ?" ಎಂದರು. ಮಕ್ಕಳೂ ಅವರ ಸುತ್ತ ಕುಳಿತರು. ನಿಜ ಹೇಳಬೇಕೆಂದರೆ ನನಗೂ ಏಳುವ ಮನಸ್ಸಿರಲಿಲ್ಲ.

ಆಗ ಪ್ರಾಂಶುಪಾಲರ ಫೋನು ಬಂತು. ಗಾಳಿಯ ಸದ್ದು, ಸಿಗ್ನಲ್ ಬೇರೆ ಹೋಗಿ ಬಂದು ಮಾಡುತ್ತಿತ್ತು.

"ಯಾಕೆ ಮೇಡಂ, ಇನ್ನೂ ಹೊರಟಿಲ್ವಾ?"

"ಭರತ ಬರಲಿ ಅಂತ ಕಾಯ್ತಾ ಇದ್ದೇವೆ ಸರ್."

"ಯಾರು? ಭರತನಾ? ಎಲ್ಲಿ ಹೋದ ಅವನು? ಇಷ್ಟು ಹುಡುಗಿಯರನ್ನು ಕಟ್ಟಿಕೊಂಡು ಒಬ್ಬ ಹುಡುಗನಿಗೋಸ್ಕರ ಕಾಯೋದಾ? ಹಿರಿಯರೊಬ್ಬರು ಜೊತೆಗಿದ್ದಾರಲ್ಲ, ಅವರಾದ್ರೂ ಗದರಿಸಬಾರದಾ?"

"ಅಲ್ಲ ಸರ್, ಭರತ ಅಂದ್ರೆ..." ಎನ್ನುವಷ್ಟರಲ್ಲಿ ದೊಡ್ಡ ಅಲೆಯೊಂದು ಮರಳಿನ ಮೇಲೆ ಏರಿ ಬಂತು. ಕುಳಿತಿದ್ದ ಅತ್ತೆಯನ್ನು ಸೊಂಟದವರೆಗೆ ನೆನೆಸಿ, ಒಂದು ಮಾರು ಎಳೆದು, ಮಲಗಿಸಿಯೇ ಬಿಟ್ಟಿತು. ಹುಡುಗಿಯರು ಕಿರುಚಿ ಹಿಡಿದುಕೊಂಡರು. ಅತ್ತೆ ಎದ್ದು ಕುಳಿತು, ಮುಖದ ಮೇಲಿನ ಉಪ್ಪುನೀರು ಒರೆಸಿಕೊಂಡು, ಜೀವಮಾನದಲ್ಲಿ ನಾನು ಕೇಳದಷ್ಟು ಜೋರಾಗಿ ನಗುತ್ತಾ ಕೂಗಿದರು:

"ಬಂದ! ಭರತ ಬಂದ ಮಾರಾಯ್ತಿ! ನನ್ನ ಸೀರೆ ಎಲ್ಲ ಒದ್ದೆ ಮಾಡಿ, ಕಾಲೆಳೆದು ಬೀಳಿಸೇ ಬಿಟ್ಟ! ಇನ್ನೊಂದು ಸಲ ಬರಲಿ ಅವ!"

ಆ ಕೂಗು ಫೋನಿನ ಆ ಕಡೆಗೂ ಕೇಳಿಸಿತು. ಪ್ರಾಂಶುಪಾಲರು ದನಿ ಏರಿಸಿದರು.

"ಮೇಡಂ, ನಾಳೆ ಬೆಳಿಗ್ಗೆ ಆ ಭರತನನ್ನು ನನ್ನ ರೂಮಿಗೆ ಕಳಿಸಿ."

ಘಟ್ಟ ಹತ್ತಿ ಬರುವ ಹಾಗಿದ್ದರೆ ನಾನೇ ಎಂದೋ ಕರೆದುಕೊಂಡು ಬರುತ್ತಿದ್ದೆ ಸರ್, ಅನ್ನಬೇಕೆನಿಸಿತು. ಬಾಯಿಗೆ ಬಂದದ್ದು, "ಆಗ್ಲಿ ಸರ್. ತಂದೆ ತಾಯಿಯನ್ನೂ ಕರ್ಕೊಂಡು ಬರೋಕೆ ಹೇಳ್ತೇನೆ."